ಕಾನೂನು ಪದವಿ: ದಾಖಲಾತಿಯಿಂದ ಸನದಿನವರೆಗೆ, ಯಾವುದು ಮೊದಲು ಯಾವುದು ಆಮೇಲೆ

"ಎಲ್ಲ ಪೇಪರೂ ಪಾಸಾಗಿದೆ ಸರ್, ಆದ್ರೂ ಡಿಗ್ರಿ ಕೊಡ್ತಿಲ್ಲ." ಪ್ರತಿ ವರ್ಷ ಈ ಮಾತು ಕೇಳುತ್ತೇನೆ. ಹೇಳುವವರು ಓದದವರಲ್ಲ. ಒಬ್ಬರಿಗೆ ಹಾಜರಾತಿ ಕೈಕೊಟ್ಟಿರುತ್ತದೆ, ಇನ್ನೊಬ್ಬರ ಇಂಟರ್ನ್‌ಶಿಪ್ ಡೈರಿಗೆ ಸಹಿ ಇರುವುದಿಲ್ಲ, ಮತ್ತೊಬ್ಬರ ಹೆಸರಿನಲ್ಲಿ ಒಂದು ಇನಿಷಿಯಲ್ ಆಚೀಚೆ ಆಗಿರುತ್ತದೆ. ತಪ್ಪು ಆಗುವುದು ಮೊದಲ ವರ್ಷದಲ್ಲಿ, ಗೊತ್ತಾಗುವುದು ಕೊನೆಯ ವರ್ಷದಲ್ಲಿ. ಅದಕ್ಕೇ ಕೆಲಸಗಳನ್ನು ಅವು ಬರುವ ಕ್ರಮದಲ್ಲೇ ಬರೆದಿದ್ದೇನೆ.

ಇದು ಪದವಿ ಮುಗಿಸಿ ಸೇರುವ 3 ವರ್ಷದ ಎಲ್‌ಎಲ್‌ಬಿಗೂ ಪಿಯುಸಿ ಆದಮೇಲೆ ಸೇರುವ 5 ವರ್ಷದ ಕೋರ್ಸಿಗೂ ಹೊಂದುತ್ತದೆ. ಎರಡಕ್ಕೂ ತಳಪಾಯ ಒಂದೇ: ದೇಶದ ವಕೀಲರನ್ನೂ ಕಾನೂನು ಶಿಕ್ಷಣವನ್ನೂ ನಿಯಂತ್ರಿಸುವ ಭಾರತೀಯ ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು. ನಿಮ್ಮ ವಿಶ್ವವಿದ್ಯಾಲಯ ಇದಕ್ಕಿಂತ ಬಿಗಿಯಾದ ನಿಯಮ ಮಾಡಿದ್ದರೆ ಆ ಬಿಗಿಯಾದದ್ದನ್ನೇ ಪಾಲಿಸಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಒಂದು ಗಟ್ಟಿ ಫೈಲು, ಒಂದು ನೋಟ್‌ಬುಕ್, ಮುಂದಿನ ಐದಾರು ವರ್ಷ ಬದಲಾಯಿಸದ ಒಂದು ಮೊಬೈಲ್ ನಂಬರು ಮತ್ತು ಇಮೇಲ್. ಸೈಬರ್ ಸೆಂಟರಿನವರ ಇಮೇಲ್ ಹಾಕಿಸಿಕೊಂಡು ಅರ್ಜಿ ತುಂಬಿದವರು ಆಮೇಲೆ ಪಾಸ್‌ವರ್ಡ್ ಇಲ್ಲದೆ ಪರದಾಡುವುದನ್ನು ನೋಡಿದ್ದೇನೆ. ನಿಮ್ಮದೇ ಇಮೇಲ್ ಕೊಡಿ.

ಇನ್ನೊಂದು ಕೆಲಸ ಯಾರೂ ಮಾಡುವುದಿಲ್ಲ. ವಿಶ್ವವಿದ್ಯಾಲಯದ ಜಾಲತಾಣದಿಂದ ನಿಮ್ಮ ಕೋರ್ಸಿನ ನಿಯಮಾವಳಿ ಇಳಿಸಿಕೊಂಡು ಪ್ರಿಂಟ್ ತೆಗೆದಿಡಿ. ನೀವು ಸೇರಿದ ವರ್ಷದ ಪ್ರತಿಯೇ ಬೇಕು. ಮಧ್ಯದಲ್ಲಿ ನಿಯಮ ಬದಲಾದಾಗ ನಿಮಗೆ ಯಾವುದು ಅನ್ವಯಿಸುತ್ತದೆ ಎಂದು ಕೇಳಲು ಆ ಪ್ರತಿಯೇ ಆಧಾರ.

## ಹಂತ 1: ಅರ್ಹತೆ ಖಚಿತ ಮಾಡಿಕೊಳ್ಳಿ

ಹಿಂದಿನ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40% ಅಂಕ ಬೇಕು. 5 ವರ್ಷದ ಕೋರ್ಸಿಗೆ ಪಿಯುಸಿ ಅಂಕ, 3 ವರ್ಷದ ಕೋರ್ಸಿಗೆ ಪದವಿಯ ಅಂಕ.

ಜಾಸ್ತಿ ಜನ ಎಡವುವುದು ಅಂಕದಲ್ಲಲ್ಲ, ಓದಿನ ಕ್ರಮದಲ್ಲಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಆಮೇಲೆ ಪದವಿ ಎಂಬ ಸರಣಿ ಮುರಿದಿರಬಾರದು. ಪದವಿಯನ್ನು ದೂರಶಿಕ್ಷಣದಲ್ಲಿ ಮಾಡಿದ್ದರೆ ತೊಂದರೆ ಇಲ್ಲ. ಆದರೆ ಪಿಯುಸಿ ಮಾಡದೆ, ವಯಸ್ಸಿನ ಆಧಾರದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಪದವಿ ಪಡೆದಿದ್ದರೆ ನಿಯಮದ ಪ್ರಕಾರ ನೀವು ಅರ್ಹರಲ್ಲ. ಕಾಲೇಜು ಸೀಟು ಕೊಟ್ಟುಬಿಟ್ಟರೂ ಸನದಿಗೆ, ಅಂದರೆ ವಕೀಲರಾಗಿ ನೋಂದಣಿಗೆ, ಹೋದಾಗ ಇದು ಎದುರಿಗೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ.

ಎರಡು ರೆಗ್ಯುಲರ್ ಕೋರ್ಸುಗಳನ್ನು ಒಟ್ಟಿಗೆ ಮಾಡುವಂತಿಲ್ಲ. ಎಂ.ಎ. ಒಂದು ಕಡೆ, ಎಲ್‌ಎಲ್‌ಬಿ ಇನ್ನೊಂದು ಕಡೆ, ಎರಡೂ ತರಗತಿಗೆ ಹೋಗಿ ಮಾಡುವಂಥದ್ದು ಅಂದರೆ ಆಗುವುದಿಲ್ಲ. ಭಾಷೆ, ಕಂಪ್ಯೂಟರಿನ ಸಣ್ಣ ಅರೆಕಾಲಿಕ ಸರ್ಟಿಫಿಕೇಟ್ ಕೋರ್ಸುಗಳಿಗೂ ದೂರಶಿಕ್ಷಣಕ್ಕೂ ವಿನಾಯಿತಿ ಇದೆ.

ಕೆಲಸದಲ್ಲಿರುವವರು ಸೇರುವ ಮುಂಚೆಯೇ ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಿ. 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಉದ್ಯೋಗ, ಬೇರೆ ಕೋರ್ಸು, ಕ್ರಿಮಿನಲ್ ಪ್ರಕರಣ ಇವುಗಳ ಬಗ್ಗೆ ವಿದ್ಯಾರ್ಥಿ ಘೋಷಣೆ ಕೊಡಬೇಕು. ಕೊನೆಯ ಅಂಕಪಟ್ಟಿ ಮತ್ತು ಪದವಿ ಕೊಡುವ ಮುನ್ನ ಇದನ್ನು ನೋಡುತ್ತಾರೆ. ಊರ ಜಗಳದಲ್ಲಿ ಹೆಸರು ಸೇರಿಕೊಂಡ ಹಳೆಯ ಕೇಸಿದ್ದರೂ, ಖುಲಾಸೆ ಆಗಿದ್ದರೂ ಬರೆಯಿರಿ. ಕೇಸು ಇರುವುದಕ್ಕಿಂತ ಅದನ್ನು ಮುಚ್ಚಿಟ್ಟಿದ್ದೇ ದೊಡ್ಡ ತೊಡಕಾಗುತ್ತದೆ.

## ಹಂತ 2: ಕಾಲೇಜಿನ ಮಾನ್ಯತೆ ನೀವೇ ನೋಡಿ

ಎರಡು ಮಾನ್ಯತೆ ಬೇಕು. ಒಂದು ವಿಶ್ವವಿದ್ಯಾಲಯದ ಸಂಯೋಜನೆ. ಕರ್ನಾಟಕದ ಬಹಳಷ್ಟು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಇನ್ನೊಂದು ಬಾರ್ ಕೌನ್ಸಿಲ್‌ನ ಅನುಮೋದನೆ. ಅದು ಕೋರ್ಸಿಗೆ ಬೇರೆ ಬೇರೆ. 3 ವರ್ಷದ ಕೋರ್ಸಿಗೆ ಅನುಮೋದನೆ ಇದೆ ಅಂದ ಮಾತ್ರಕ್ಕೆ 5 ವರ್ಷದ್ದಕ್ಕೂ ಇದೆ ಎಂದಲ್ಲ. ಒಂದು ಸೆಕ್ಷನ್‌ಗೆ 60 ವಿದ್ಯಾರ್ಥಿಗಳು ಮಾತ್ರ. ಕಾಲೇಜಿಗೆ ಎಷ್ಟು ಸೆಕ್ಷನ್ ಇದೆ, ನಿಮ್ಮ ಸೀಟು ಆ ಲೆಕ್ಕದೊಳಗೆ ಬರುತ್ತದಾ ಎಂದು ಕೇಳಿ. ಅನುಮೋದನೆಯ ಪತ್ರ ಯಾವ ವರ್ಷದವರೆಗೆ ಎಂಬುದನ್ನೂ ನೋಡಿ.

ಈ ಮಾತುಗಳು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ: "ಕ್ಲಾಸಿಗೆ ಬರಲೇಬೇಕಂತಿಲ್ಲ, ಪರೀಕ್ಷೆಗೆ ಬಂದ್ರೆ ಸಾಕು." "ಹಾಜರಾತಿ ನಾವು ನೋಡ್ಕೋತೀವಿ." "ಭಾನುವಾರ ಮಾತ್ರ ಕ್ಲಾಸು." "ರಸೀದಿ ಆಮೇಲೆ ಕೊಡ್ತೀವಿ." ಎಲ್‌ಎಲ್‌ಬಿ ರೆಗ್ಯುಲರ್ ಕೋರ್ಸು. ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ವಾರಕ್ಕೆ 30 ಗಂಟೆ ಪಾಠ, ಅದರಲ್ಲಿ ಕನಿಷ್ಠ 24 ಗಂಟೆ ಉಪನ್ಯಾಸ ಇರಬೇಕು. ಭಾನುವಾರದ ಪಾಠದಲ್ಲಿ ಈ ಲೆಕ್ಕ ಎಲ್ಲಿಂದ ಕೂಡುತ್ತದೆ, ನೀವೇ ಹೇಳಿ.

ಇನ್ನೊಂದು ವಿಷಯ. ಮಧ್ಯದಲ್ಲಿ ಸೇರಿಕೊಳ್ಳುವ ಅವಕಾಶ ಈ ಕೋರ್ಸಿನಲ್ಲಿ ಇಲ್ಲ. ಎರಡು ವರ್ಷ ಓದಿ ಬಿಟ್ಟು ಬೇರೊಂದು ಪದವಿ ತೆಗೆದುಕೊಂಡು ಹೋಗುವುದೂ ಇಲ್ಲ. "ನೇರ ಎರಡನೇ ವರ್ಷಕ್ಕೆ ಸೇರಿಸ್ತೀವಿ" ಎನ್ನುವವರನ್ನು ನಂಬಬೇಡಿ.

## ಹಂತ 3: ಪ್ರವೇಶ ಬೇರೆ, ನೋಂದಣಿ ಬೇರೆ

ಕಾಲೇಜಿನಲ್ಲಿ ಶುಲ್ಕ ಕಟ್ಟಿದರೆ ಪ್ರವೇಶ ಆಯಿತು, ಅಷ್ಟೆ. ನಿಮ್ಮ ದಾಖಲೆಗಳು ವಿಶ್ವವಿದ್ಯಾಲಯಕ್ಕೆ ಹೋಗಿ, ಪ್ರವೇಶ ಅನುಮೋದನೆಯಾಗಿ, ರಿಜಿಸ್ಟರ್ ನಂಬರು ಬಂದಾಗ ಮಾತ್ರ ನೋಂದಣಿ ಮುಗಿದಂತೆ. ಈ ಎರಡರ ನಡುವೆ ತಿಂಗಳುಗಳು ಕಳೆಯಬಹುದು. ಆ ಹೊತ್ತಿನಲ್ಲಿ ಕಾಲೇಜಿನವರು ಮಾಡ್ತಾರೆ ಬಿಡು ಎಂದು ಸುಮ್ನೆ ಕೂರಬೇಡಿ.

ಬೇಕಾಗುವ ಮೂಲ ದಾಖಲೆಗಳು: ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಪದವಿಯ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ವರ್ಗಾವಣೆ ಪತ್ರ, ಮೀಸಲಾತಿ ಕೇಳುವುದಾದರೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಹಿಂದಿನ ಓದು ಬೇರೆ ವಿಶ್ವವಿದ್ಯಾಲಯದಲ್ಲೋ ಬೇರೆ ರಾಜ್ಯದಲ್ಲೋ ಆಗಿದ್ದರೆ ವಲಸೆ ಪ್ರಮಾಣಪತ್ರವೂ ಅರ್ಹತಾ ಪತ್ರವೂ ಬೇಕು. ಕಾನೂನು ಕಾಲೇಜಿಗೆ ಸೇರಿದ ವಾರವೇ ವಲಸೆ ಪತ್ರಕ್ಕೆ ಹಳೆಯ ವಿಶ್ವವಿದ್ಯಾಲಯದಲ್ಲಿ ಅರ್ಜಿ ಹಾಕಿ. ಮೊದಲ ಪರೀಕ್ಷೆಯ ಹೊತ್ತಿಗೆ ಅದು ಬಂದಿಲ್ಲ ಎಂದು ಹಾಲ್ ಟಿಕೆಟ್ ತಡೆಹಿಡಿದ ಉದಾಹರಣೆಗಳಿವೆ.

ಮೂಲ ಪ್ರತಿಗಳನ್ನು ಕಾಲೇಜಿಗೆ ಒಪ್ಪಿಸಿದರೆ ಯಾವ ಯಾವ ಕಾಗದ ಕೊಟ್ಟಿರಿ ಎಂದು ಪಟ್ಟಿ ಬರೆದು ಸಹಿ, ಸೀಲು ಹಾಕಿಸಿಕೊಳ್ಳಿ. ಕೊಡುವ ಮುನ್ನ ಎಲ್ಲವನ್ನೂ ಸ್ಕ್ಯಾನ್ ಮಾಡಿ.

ಈಗ ಹೆಸರಿನ ವಿಚಾರ. ನಮ್ಮ ಕಡೆ ಇನಿಷಿಯಲ್ ಬರೆಯುವ ರೀತಿಗೆ ಒಂದು ಕಟ್ಟಳೆ ಇಲ್ಲ ಅಲ್ವಾ? ಎಸ್ಸೆಸ್ಸೆಲ್ಸಿಯಲ್ಲಿ "ಮಂಜುನಾಥ ಕೆ", ಪದವಿಯಲ್ಲಿ "ಕೆ. ಮಂಜುನಾಥ್", ಆಧಾರಿನಲ್ಲಿ "ಮಂಜುನಾಥ್ ಕೆಂಚಪ್ಪ". ಮನೆಯವರಿಗೆ ಮೂವರೂ ಒಬ್ಬನೇ, ಗುಮಾಸ್ತರ ಕಣ್ಣಿಗೆ ಮೂವರು ಬೇರೆ. ಕಾನೂನು ಕೋರ್ಸಿನ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಚುಕ್ಕಿ ಸಮೇತ ಬರೆಯಿರಿ. ಆಧಾರನ್ನು ಅದಕ್ಕೆ ಹೊಂದುವಂತೆ ಈಗಲೇ ತಿದ್ದಿಸಿ. ಮೊದಲ ಸೆಮಿಸ್ಟರಿನ ಅಂಕಪಟ್ಟಿ ಬಂದ ದಿನ ಹೆಸರು, ತಂದೆ ತಾಯಿ ಹೆಸರು, ರಿಜಿಸ್ಟರ್ ನಂಬರು ಮೂರನ್ನೂ ಬೆರಳಿಟ್ಟು ಓದಿ. ಆಗ ತಿದ್ದಿಸುವುದು ಒಂದು ಅರ್ಜಿಯ ಕೆಲಸ. ಹತ್ತು ಅಂಕಪಟ್ಟಿ ಆದಮೇಲೆ ಹತ್ತನ್ನೂ ವಾಪಸು ಕೊಟ್ಟು ಕಾಯಬೇಕು.

## ಹಂತ 4: ವಿಷಯಗಳ ಲೆಕ್ಕ

3 ವರ್ಷದ ಕೋರ್ಸಿಗೆ ಬಾರ್ ಕೌನ್ಸಿಲ್ ಹೇಳುವ ಲೆಕ್ಕ ಸುಲಭ: 20 ಕಡ್ಡಾಯ ಕಾನೂನು ವಿಷಯ, 4 ಪ್ರಾಯೋಗಿಕ ವಿಷಯ, ಕನಿಷ್ಠ 6 ಐಚ್ಛಿಕ ವಿಷಯ, ಒಟ್ಟು 30. 5 ವರ್ಷದ್ದರಲ್ಲಿ ಇದರ ಜೊತೆಗೆ ಬಿ.ಎ., ಬಿ.ಬಿ.ಎ. ಮುಂತಾದ ಭಾಗದ ವಿಷಯಗಳು ಸೇರುತ್ತವೆ. ಆನರ್ಸ್ ಬೇಕಾದರೆ ಇದರ ಮೇಲೆ 8 ವಿಷಯ.

ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯಿರಿ: ಕಡ್ಡಾಯ, ಪ್ರಾಯೋಗಿಕ, ಐಚ್ಛಿಕ. ಪ್ರತಿ ಸೆಮಿಸ್ಟರ್ ಫಲಿತಾಂಶ ಬಂದಾಗ ಪಾಸಾದ ವಿಷಯವನ್ನು ಅದರ ಕಲಂನಲ್ಲಿ ಬರೆಯಿರಿ. ಬಾಕಿ ಉಳಿದಿದ್ದನ್ನು ಕೆಂಪು ಶಾಯಿಯಲ್ಲಿ. ಹತ್ತು ನಿಮಿಷದ ಕೆಲಸ, ಆದರೆ ಕೊನೆಯ ಸೆಮಿಸ್ಟರಿನಲ್ಲಿ "ಅಯ್ಯೋ, ಎರಡನೇ ಸೆಮಿಸ್ಟರಿಂದು ಒಂದು ಉಳ್ಕೊಂಡಿದೆ" ಎನ್ನುವುದು ತಪ್ಪುತ್ತದೆ.

ಐಚ್ಛಿಕ ವಿಷಯಗಳಿಗೆ ಗುಂಪುಗಳಿವೆ: ಸಂವಿಧಾನ, ವಾಣಿಜ್ಯ, ಅಪರಾಧ, ಅಂತರರಾಷ್ಟ್ರೀಯ ಕಾನೂನು, ಕೃಷಿ, ಬೌದ್ಧಿಕ ಆಸ್ತಿ ಹೀಗೆ. ನಿಮ್ಮ ಕಾಲೇಜಿನಲ್ಲಿ ನಿಜವಾಗಿ ಪಾಠ ನಡೆಯುವುದು ಯಾವುದಕ್ಕೆ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ಆರಿಸಿ. ಗೆಳೆಯ ತೆಗೆದುಕೊಂಡ ಎಂದು ತೆಗೆದುಕೊಳ್ಳಬೇಡಿ. ನನ್ನನ್ನು ಕೇಳಿದರೆ, ತಾಲ್ಲೂಕು ಕೋರ್ಟಿನಲ್ಲಿ ಕೂರಬೇಕೆಂದಿರುವವರಿಗೆ ಜಮೀನು ಮತ್ತು ಕೃಷಿಗೆ ಸಂಬಂಧಿಸಿದ ವಿಷಯ ಕೊಡುವಷ್ಟು ಉಪಯೋಗವನ್ನು ಬೇರೆ ಯಾವುದೂ ಕೊಡುವುದಿಲ್ಲ.

ಬಾಕಿ ಪೇಪರ್ ಇರುವವರಿಗೆ ಎರಡು ಎಚ್ಚರಿಕೆ. ಒಂದು, ಎಷ್ಟು ಪೇಪರ್ ಬಾಕಿ ಇದ್ದರೆ ಮುಂದಿನ ವರ್ಷಕ್ಕೆ ಬಿಡುತ್ತಾರೆ, ಕೋರ್ಸು ಮುಗಿಸಲು ಗರಿಷ್ಠ ಎಷ್ಟು ವರ್ಷ ಎಂಬ ಎರಡು ಸಾಲುಗಳನ್ನು ಪ್ರಿಂಟ್ ತೆಗೆದ ನಿಯಮಾವಳಿಯಲ್ಲಿ ಹುಡುಕಿ ಗೆರೆ ಎಳೆದಿಡಿ. ಎರಡು, 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಳೆಯ ಬ್ಯಾಚಿನ ಬಾಕಿ ಪೇಪರಿಗೆ ಪ್ರಶ್ನೆಪತ್ರಿಕೆ ಹಳೆಯ ಪಠ್ಯದ್ದೋ ಹೊಸದರದ್ದೋ ಎಂದು ಪರೀಕ್ಷಾ ಸುತ್ತೋಲೆ ನೋಡಿಯೇ ಪುಸ್ತಕ ಕೊಳ್ಳಿ.

## ಹಂತ 5: ಹಾಜರಾತಿಯನ್ನು ನೀವೇ ಎಣಿಸಿ

ಪ್ರತಿ ವಿಷಯದಲ್ಲೂ 70% ಬೇಕು. ಎಲ್ಲ ಸೇರಿ ಸರಾಸರಿ 70 ಬಂದರೆ ಸಾಕು ಎಂದುಕೊಳ್ಳುವುದೇ ದೊಡ್ಡ ತಪ್ಪು.

ಒಂದು ವಿಷಯಕ್ಕೆ ವಾರಕ್ಕೆ 5 ತರಗತಿ, 15 ವಾರ ಎಂದಿಟ್ಟುಕೊಳ್ಳಿ. ಒಟ್ಟು 75. ಅದರ 70% ಎಂದರೆ 53 ತರಗತಿ. ನೀವು ತಪ್ಪಿಸಿಕೊಳ್ಳಬಹುದಾದದ್ದು 22 ಮಾತ್ರ. ಪಾಠ ನಡೆಯುವ ದಿನಗಳಲ್ಲೇ ನಾಲ್ಕು ವಾರ ಇಂಟರ್ನ್‌ಶಿಪ್‌ಗೆ ಹೋದಿರಾ, 20 ಹೋಯಿತು. ಉಳಿದದ್ದು 2. ಆಮೇಲೆ ಜ್ವರ, ಮದುವೆ, ಹಬ್ಬ ಯಾವುದಕ್ಕೂ ಜಾಗವಿಲ್ಲ.

ನಿಜವಾದ ಕಾರಣವಿದ್ದರೆ ಪ್ರಾಂಶುಪಾಲರು ವಿನಾಯಿತಿ ಕೊಡಬಹುದು. ಅದಕ್ಕೂ ಎರಡು ಷರತ್ತು ಒಟ್ಟಿಗೆ ಪೂರೈಸಬೇಕು: ಆ ವಿಷಯದಲ್ಲಿ ಕನಿಷ್ಠ 65%, ಎಲ್ಲ ವಿಷಯ ಸೇರಿ 70%. ಮೇಲಿನ ಲೆಕ್ಕದಲ್ಲಿ 65% ಎಂದರೆ 49 ತರಗತಿ. 48 ಇದ್ದವರಿಗೆ ಆಸ್ಪತ್ರೆಯ ಚೀಟಿಯೂ ಕೆಲಸಕ್ಕೆ ಬರುವುದಿಲ್ಲ. ಕಾಯಿಲೆ ಬಿದ್ದರೆ ಡಿಸ್ಚಾರ್ಜ್ ಆದ ವಾರವೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸೆಮಿಸ್ಟರ್ ಕೊನೆಯಲ್ಲಿ ತಂದ ಮೆಡಿಕಲ್ ಸರ್ಟಿಫಿಕೇಟನ್ನು ಯಾರೂ ನಂಬುವುದಿಲ್ಲ.

ತಿಂಗಳ ಕೊನೆಗೆ ಕಾಲೇಜಿನ ಪಟ್ಟಿಯನ್ನೂ ನಿಮ್ಮ ಲೆಕ್ಕವನ್ನೂ ಹೋಲಿಸಿ. ವ್ಯತ್ಯಾಸ ಕಂಡರೆ ಅದೇ ತಿಂಗಳು ಹೇಳಿ.

## ಹಂತ 6: ಇಂಟರ್ನ್‌ಶಿಪ್ ಮತ್ತು ಡೈರಿ

ಕೊನೆಯ ವರ್ಷದಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸುವ ಹಂತ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

3 ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, 5 ವರ್ಷದ್ದಕ್ಕೆ 20 ವಾರ. ಯಾವ ವರ್ಷವೂ ಸತತ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಈಗ ಭಾಗಿಸಿ ನೋಡಿ: 12ನ್ನು 3 ವರ್ಷಕ್ಕೆ ಹಂಚಿದರೆ 4, 20ನ್ನು 5ಕ್ಕೆ ಹಂಚಿದರೂ 4. ಅಂದರೆ ವರ್ಷಕ್ಕೆ ನಾಲ್ಕು ವಾರ, ಪ್ರತಿ ವರ್ಷ, ರಜೆಯಲ್ಲಿ. "ಮೊದಲ ವರ್ಷ ಏನೂ ಗೊತ್ತಿರಲ್ಲ, ಕೊನೇ ವರ್ಷ ಒಟ್ಟಿಗೆ ಮಾಡಿದರಾಯಿತು" ಎಂದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೊದಲ ವರ್ಷ ಕಾನೂನು ಸೇವಾ ಪ್ರಾಧಿಕಾರದಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ಶುರು ಮಾಡಿ, ಆಮೇಲೆ ವಿಚಾರಣಾ ನ್ಯಾಯಾಲಯದ ವಕೀಲರು, ಕೊನೆಗೆ ಹೈಕೋರ್ಟ್ ವಕೀಲರು. ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು. ಬರೀ ಕಂಪನಿಗಳಲ್ಲಿ ಮಾಡಿದರೆ ನಡೆಯುವುದಿಲ್ಲ.

ನಾಲ್ಕು ಪ್ರಾಯೋಗಿಕ ವಿಷಯಗಳಲ್ಲಿ ಒಂದಾದ ಅಣಕು ನ್ಯಾಯಾಲಯದ (ಮೂಟ್ ಕೋರ್ಟ್) ಪೇಪರಿಗೆ 100 ಅಂಕ ಹೀಗೆ ಹಂಚಿಕೆಯಾಗಿದೆ: ಮೂರು ಮೂಟ್‌ಗೆ 30, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ನೋಡಿ ಬರೆದದ್ದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ದಾವೆ ಸಿದ್ಧತೆಯ ಡೈರಿಗೆ 30, ಮೌಖಿಕ ಪರೀಕ್ಷೆಗೆ 10.

ಕೋರ್ಟಿಗೆ ಹೋದವರು ಡೈರಿಯಲ್ಲಿ ಬರೆಯುವುದು ಸಾಮಾನ್ಯವಾಗಿ ಇಷ್ಟು: "ಇಂದು ನ್ಯಾಯಾಲಯಕ್ಕೆ ಭೇಟಿ ನೀಡಿ ವಿಚಾರಣೆಯನ್ನು ವೀಕ್ಷಿಸಿದೆನು. ಬಹಳ ಉಪಯುಕ್ತವಾಗಿತ್ತು." ಇದಕ್ಕೆ ಅಂಕ ಹೇಗೆ ಕೊಡುವುದು? ಹೀಗೆ ಬರೆಯಿರಿ: "ಪಾಲು ವಿಭಾಗದ ದಾವೆ, ಮೂಲ ದಾವೆ ಸಂಖ್ಯೆ ಇಷ್ಟು. ಹಂತ: ವಾದಿ ಕಡೆಯ ಒಂದನೇ ಸಾಕ್ಷಿಯ ಪಾಟೀಸವಾಲು. ನೋಂದಣಿ ಆಗದ ಪಾಲುಪಟ್ಟಿಯನ್ನು ಸಾಕ್ಷಿಗೆ ತೋರಿಸಿ ಗುರುತು ಮಾಡಿಸಲು ಪ್ರತಿವಾದಿ ವಕೀಲರು ಕೇಳಿದರು. ವಾದಿ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಆಕ್ಷೇಪಣೆ ದಾಖಲಿಸಿಕೊಂಡು ಮುಂದುವರಿಸಲು ಹೇಳಿದರು. ಮುಂದಿನ ವಾಯಿದೆ ಇಂಥ ದಿನ." ಐದಾರು ಸಾಲು, ಅಷ್ಟೇ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಹುಟ್ಟುವುದೂ ಇಂಥ ಸಾಲುಗಳಿಂದಲೇ.

ದಾವೆ ಯಾವತ್ತಿದೆ ಎಂದು ತಿಳಿಯಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ಪ್ರಕರಣದ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿ ಉಳಿಸಿಕೊಳ್ಳಿ. ಸಾಕ್ಷಿ ವಿಚಾರಣೆಯ ಹಂತದಲ್ಲಿರುವ ಪ್ರಕರಣವನ್ನೇ ಆರಿಸಿ. ಬರೀ ಮುಂದೂಡಿಕೆ ನೋಡುತ್ತ ಕೂತರೆ ಬರೆಯಲು ಏನೂ ಸಿಗುವುದಿಲ್ಲ.

ಸಹಿಯನ್ನು ವಾರ ವಾರ ಹಾಕಿಸಿ. ನನ್ನ ಡೈರಿಯ ಎರಡು ವಾರದ ಪುಟಗಳಿಗೆ ಸಹಿ ಹಾಕಿಸುವುದನ್ನು ಮುಂದಕ್ಕೆ ಹಾಕಿದ್ದೆ. ಅಷ್ಟರಲ್ಲಿ ಆ ಹಿರಿಯ ವಕೀಲರು ತೀರಿಕೊಂಡರು. ಅವರ ಕಚೇರಿಯಲ್ಲಿ ಕಲಿತದ್ದೆಲ್ಲ ನನ್ನ ಬಳಿ ಉಳಿಯಿತು, ಆದರೆ ಆ ಎರಡು ವಾರ ಲೆಕ್ಕಕ್ಕೆ ಬರಲಿಲ್ಲ. ಇನ್ನೊಬ್ಬರ ಬಳಿ ಮತ್ತೆ ಮಾಡಿದೆ.

## ಹಂತ 7: ಪರೀಕ್ಷಾ ಅರ್ಜಿ

ಅರ್ಜಿ ತುಂಬುವಾಗ ವಿಷಯದ ಹೆಸರಲ್ಲ, ವಿಷಯದ ಕೋಡ್ ನೋಡಿ. ಬಾಕಿ ಪೇಪರುಗಳಿಗೂ ಬೇರೆಯಾಗಿ ಗುರುತು ಹಾಕಬೇಕು, ತಾನಾಗಿ ಸೇರಿಕೊಳ್ಳುವುದಿಲ್ಲ. ಕನ್ನಡದಲ್ಲಿ ಬರೆಯುವ ಅವಕಾಶವಿರುವ ಕಡೆ ಮಾಧ್ಯಮದ ಆಯ್ಕೆ ಸರಿಯಿದೆಯೇ ನೋಡಿ. ಹಣ ಕಟ್ಟಿದ ರಸೀದಿ ಫೈಲಿಗೆ ಹೋಗಲಿ. ಮರುಎಣಿಕೆ, ಮರುಮೌಲ್ಯಮಾಪನಕ್ಕೆ ದಿನ ಕಡಿಮೆ ಇರುತ್ತದೆ, ಫಲಿತಾಂಶದ ದಿನವೇ ಸುತ್ತೋಲೆ ಓದಿ.

## ಹಂತ 8: ಕೊನೆಯ ಸೆಮಿಸ್ಟರ್ ಶುರುವಾಗುವ ಮುನ್ನ ಒಂದು ತಪಾಸಣೆ

ಆರನೆಯ ಅಥವಾ ಹತ್ತನೆಯ ಸೆಮಿಸ್ಟರಿನ ಮೊದಲ ವಾರ ಫೈಲು ತೆಗೆದು ಕೂರಿ. ಮೂರು ಕಲಂ ತುಂಬಿವೆಯೇ? ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಇವೆಯೇ? ಇಂಟರ್ನ್‌ಶಿಪ್ ಪ್ರಮಾಣಪತ್ರಗಳ ದಿನಾಂಕ ಕೂಡಿಸಿದರೆ 12 ಅಥವಾ 20 ವಾರ ಬರುತ್ತದೆಯೇ? ಆ ದಿನಾಂಕಗಳು ಹಾಜರಾತಿ ಇರುವ ದಿನಗಳ ಮೇಲೆ ಬಿದ್ದಿಲ್ಲ ತಾನೆ? ಒಂದೇ ದಿನ ಕಾಲೇಜಿನಲ್ಲೂ ವಕೀಲರ ಕಚೇರಿಯಲ್ಲೂ ಇದ್ದಿರಿ ಎಂದು ಕಾಗದ ಹೇಳಿದರೆ ಎರಡರ ಮೇಲೂ ಅನುಮಾನ ಬರುತ್ತದೆ.

ಕೊರತೆ ಕಂಡರೆ ಪ್ರಾಂಶುಪಾಲರಿಗೆ ಬರಹದಲ್ಲಿ ಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಫಲಿತಾಂಶ ಬಂದ ಮೇಲೆ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೂ ಘಟಿಕೋತ್ಸವದ ಪ್ರಮಾಣಪತ್ರಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕಾಗುತ್ತದೆ. ಗ್ರಂಥಾಲಯದ ಬಾಕಿ, ಶುಲ್ಕದ ಬಾಕಿ ತೀರಿಸಿ ಬೇಬಾಕಿ ಪತ್ರ ತೆಗೆದುಕೊಳ್ಳಿ. ಮೊದಲ ದಿನ ಒಪ್ಪಿಸಿದ ಮೂಲ ದಾಖಲೆಗಳನ್ನು ಆ ಸಹಿ ಹಾಕಿದ ಪಟ್ಟಿ ಹಿಡಿದು ಒಂದೊಂದಾಗಿ ವಾಪಸು ಪಡೆಯಿರಿ.

## ಹಂತ 9: ಸನದು ಮತ್ತು ಬಾರ್ ಪರೀಕ್ಷೆ

ಪದವಿ ಸಿಕ್ಕರೂ ವಕೀಲರಾಗಲು 1961ರ ವಕೀಲರ ಅಧಿನಿಯಮದಡಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ವಯಸ್ಸು 21 ತುಂಬಿರಬೇಕು. ನೋಂದಣಿ ಶುಲ್ಕ ಕಾಯ್ದೆಯಲ್ಲೇ ಇದೆ: ಸಾಮಾನ್ಯರಿಗೆ ರಾಜ್ಯ ಪರಿಷತ್ತಿಗೆ 600, ಭಾರತೀಯ ಬಾರ್ ಕೌನ್ಸಿಲ್‌ಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಮುದ್ರಾಂಕ ಶುಲ್ಕ ಬೇರೆ. ಇದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ಯಾರಾದರೂ ಮಧ್ಯವರ್ತಿ "ಇಷ್ಟು ಸಾವಿರ ಆಗುತ್ತೆ" ಎಂದರೆ ಯಾವುದಕ್ಕೆ ಎಷ್ಟು ಎಂದು ಬರಹದಲ್ಲಿ ಕೇಳಿ.

ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದುಕೊಂಡು ವಕೀಲಿ ಮಾಡುವಂತಿಲ್ಲ. ಮೊದಲು ರಾಜೀನಾಮೆ, ಬಿಡುಗಡೆ ಪತ್ರ, ಆಮೇಲೆ ನೋಂದಣಿ ಅರ್ಜಿ. ಈ ಕ್ರಮ ತಲೆಕೆಳಗಾದರೆ ಸುಳ್ಳು ಘೋಷಣೆ ಕೊಟ್ಟಂತಾಗುತ್ತದೆ.

ಕೊನೆಯದು ಅಖಿಲ ಭಾರತ ಬಾರ್ ಪರೀಕ್ಷೆ. 100 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಕನ್ನಡದಲ್ಲೂ ಬರೆಯಬಹುದು. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45%, ಪರಿಶಿಷ್ಟರಿಗೆ 40% ಬೇಕು. ನೋಂದಣಿಯಾದ ಎರಡು ವರ್ಷದೊಳಗೆ ಪಾಸಾಗಬೇಕು. ಹಿಂದಿನ ಪೇಪರ್ ಯಾವುದೂ ಬಾಕಿ ಇಲ್ಲದ ಅಂತಿಮ ಸೆಮಿಸ್ಟರಿನವರಿಗೂ ಈಗ ಅವಕಾಶವಿದೆ. ಟಿಪ್ಪಣಿ ಇಲ್ಲದ ಮೂಲ ಕಾಯ್ದೆ ಪುಸ್ತಕ ಒಯ್ಯಬಹುದು. ಪೆನ್ಸಿಲಿನಲ್ಲಿ ಗೀಚಿದ, ಅಂಚಿನಲ್ಲಿ ಬರೆದ ಪ್ರತಿ ಬೇಡ, ಪರೀಕ್ಷೆಗೆಂದೇ ಒಂದು ಹೊಸ ಪ್ರತಿ ಇಟ್ಟುಕೊಳ್ಳಿ. ಪಾಸಾದ ಮೇಲೆ ಬರುವ ಪ್ರಾಕ್ಟೀಸ್ ಪ್ರಮಾಣಪತ್ರದಲ್ಲಿ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕ ಇಟ್ಟು ಓದಿ, ಒಂದು ಅಕ್ಷರ ತಪ್ಪಿದ್ದರೂ ಆ ವಾರವೇ ತಿದ್ದುಪಡಿಗೆ ಅರ್ಜಿ ಕೊಡಿ.